ಸದ್ದಾಗದ ಕೀಗೊಂಚಲು

ಮೇಡಂ ಅವರಿಗೆ,

ಏಳನೇ ಪಂಜರದ ಇಲಿಗಳಲ್ಲಿ ಒಂದಕ್ಕೂ ಫಿಟ್ಸ್ ಬರಲಿಲ್ಲವೆಂದು ಹೋದ ವಾರ ಪರೀಕ್ಷೆಯ ಪುಸ್ತಕದಲ್ಲಿ ಬರೆದಿದ್ದೆ. ದಯವಿಟ್ಟು ಅದನ್ನು ಹೊಡೆದುಹಾಕಿ. ತಾಯಿಯಿಂದ ಫಿಟ್ಸ್ ತರುವ ಆ ಕೆಟ್ಟ ಜೀನ್ ಬಂದಿದ್ದರೂ ಇವಕ್ಕೆ ಅಪಾಯ ಕಡಿಮೆಯೆಂದು ನೀವು ಖುಷಿಪಟ್ಟಿರಿ. ನಾನು ಆಗಲೇ ಬಾಯಿಬಿಡಬೇಕಿತ್ತು.

ಸದ್ದಿಗೆ ಫಿಟ್ಸ್ ಬರುತ್ತದೆಯೇ ಎಂದು ನೋಡಲು ಪಂಜರದ ಪಕ್ಕ ಒಂದು ನಿಮಿಷ ಕೀಗೊಂಚಲು ಅಲ್ಲಾಡಿಸಬೇಕಲ್ಲ, ಅಲ್ಲಾಡಿಸಿದೆ. ಆದರೆ ಮುಷ್ಟಿಯೊಳಗೆ. ಸದ್ದೇ ಆಗಲಿಲ್ಲ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮುಚ್ಚಿಕೊಂಡಿತು.

ನನ್ನ ತಮ್ಮನಿಗೂ ಅದೇ ಜೀನ್ ಇತ್ತು. ಇಪ್ಪತ್ತೆರಡಾದರೂ ಮೂರರ ಮಗುವಿನಂತಿದ್ದ. ಕೀ ಝಣಗುಟ್ಟಿದರೆ ಸಾಕು, ಫಿಟ್ಸ್ ಬಂದು ಬಿದ್ದುಬಿಡುತ್ತಿದ್ದ. "ಕೈ ಮುಚ್ಕೊಳ್ಳೇ, ಅವನು ಬೆಚ್ಚಿಬೀಳ್ತಾನೆ" ಎಂದು ನಾನು ಕೀ ಹಿಡಿದು ಬಂದಾಗೆಲ್ಲ ಅಮ್ಮ ಬಾಗಿಲಲ್ಲೇ ಗದರುತ್ತಿದ್ದಳು.

ಇನ್ನು ಆ ಪರೀಕ್ಷೆ ಬೇರೆಯವರಿಗೆ ಕೊಡಿ. ಆಹಾರ, ನೀರು, ಪಂಜರ ತೊಳೆಯುವುದು ನಾನು ನೋಡಿಕೊಳ್ಳುತ್ತೇನೆ. ಸಿಟ್ಟು ಬಂದರೆ ಧಾರಾಳವಾಗಿ ಬೈಯಿರಿ, ಇಲಿಗಳ ಕೋಣೆಯಲ್ಲಿ ಮಾತ್ರ ಬೇಡ.

ಈಗ ಅಮ್ಮನೂ ಇಲ್ಲ, ತಮ್ಮನೂ ಇಲ್ಲ. ನಿನ್ನೆ ಕೆಲಸ ಮುಗಿಸಿ ಹೋದವಳು ನಮ್ಮ ಮನೆ ಬಾಗಿಲಲ್ಲಿ ನಿಂತು ಪೂರ್ತಿ ಒಂದು ನಿಮಿಷ ಕೀಗೊಂಚಲು ಜೋರಾಗಿ ಅಲ್ಲಾಡಿಸಿದೆ. ಒಳಗೆ ಯಾರೂ ಬೆಚ್ಚಿಬೀಳಲಿಲ್ಲ.

ಇತಿ,
ಇಲಿಗಳ ಕೋಣೆಯ ಸಹಾಯಕಿ