ಗೀತಾಂಜಲಿಯ ಮೊಳ

ಹೂವಿನಹಡಗಲಿ
೧೪-೧೧-೨೦೨೫

ತಮ್ಮ ಗುರುಬಸವರಾಜನಿಗೆ ಅಕ್ಕ ನಾಗಲಿಂಗಮ್ಮನ ಆಶೀರ್ವಾದ. ಆಶೀರ್ವಾದ ರೂಢಿಗೆ ಬರೆದದ್ದು. ಮುಂದಿನದು ಸಿಟ್ಟು, ಅದನ್ನು ಮನಸ್ಸಿಟ್ಟು ಬರೆಯುತ್ತಿದ್ದೇನೆ.

ಮೊದಲು ಖರ್ಚು. ನಿನ್ನ ಹೆಂಡತಿ ಗೀತಾಂಜಲಿ ಕೇಸು ಹಾಕಿದ ಈ ಎರಡು ವರ್ಷದಲ್ಲಿ ವಕೀಲರಿಗೆ ಒಂದು ಲಕ್ಷ ಇಪ್ಪತ್ತು ಸಾವಿರ. ನಿಮ್ಮ ‘ನೊಂದ ಗಂಡಂದಿರ ವೇದಿಕೆ’ಗೆ ಸದಸ್ಯತ್ವ, ದೇಣಿಗೆ ಅಂತ ಹದಿನಾರೂವರೆ ಸಾವಿರ. ಬಸ್ಸು, ಚಹಾ, ಊಟ ಎಂಟು ಸಾವಿರದ ಮುನ್ನೂರು. ಬ್ಯಾನರಿಗೆ ಎರಡು ಸಾವಿರದ ಇನ್ನೂರು. ಕೂಡಿದರೆ ಒಂದು ಲಕ್ಷ ನಲವತ್ತೇಳು ಸಾವಿರ, ಅಷ್ಟೂ ನನ್ನ ಹೂವಿನಂಗಡಿಯ ಗಲ್ಲೆಯಿಂದ ಹೋದದ್ದು. ನಿನ್ನೆ ಆ ಬ್ಯಾನರಿನ ಚಿತ್ರ ನನ್ನ ಫೋನಿಗೇ ಬಂತು. ಅದರಲ್ಲಿ ನನ್ನ ಮುಖ, ಕೆಳಗೆ ‘ಸುಳ್ಳು ಕೇಸಿಗೆ ಬಲಿಯಾದ ಅಕ್ಕ’. ಬಲಿ ಕೊಡುವ ಕುರಿಯ ತಲೆಗಾದರೂ ನೀರು ಹಾಕಿ, ಅದು ಒಪ್ಪಿತೋ ಇಲ್ಲವೋ ನೋಡುತ್ತಾರೆ. ನನ್ನನ್ನು ನೀನು ಒಂದು ಮಾತು ಕೇಳಲಿಲ್ಲ.

ಆಮೇಲೆ ನಿಮ್ಮ ಅಧ್ಯಕ್ಷ ಅರುಣಕುಮಾರ್ ಫೋನು ಮಾಡಿದ್ದ. ಹತ್ತೊಂಬತ್ತಕ್ಕೆ ಹರಪನಹಳ್ಳಿಯಲ್ಲಿ ಪುರುಷರ ದಿನವಂತೆ, ನಾನು ಐದು ನಿಮಿಷ ಮಾತಾಡಬೇಕಂತೆ, ನಡುವೆ ಅಳು ಬಂದರೆ ತಡೆಯಬಾರದಂತೆ. ಮರುದಿನ ಇಪ್ಪತ್ತಕ್ಕೆ ಕೋರ್ಟಿನಲ್ಲಿ ನಿನ್ನ ಪರವಾಗಿ ನನ್ನ ಸಾಕ್ಷಿ. ಎರಡಕ್ಕೂ ಉತ್ತರ ಇಲ್ಲೇ ಕೊಡುತ್ತೇನೆ.

ನಿಮ್ಮ ವೇದಿಕೆಯ ಮಾತಿನಲ್ಲಿ ಪಾವಿನಷ್ಟು ಸತ್ಯವಿದೆ. ಆ ದೂರಿನಲ್ಲಿ ನನ್ನ ಹೆಸರಿತ್ತು, ಅವ್ವನ ಹೆಸರೂ ಇತ್ತು. ವರದಕ್ಷಿಣೆ ಕೇಳಿದೆವು, ಊಟ ಹಾಕಲಿಲ್ಲ ಅಂತ ಬರೆದಿತ್ತು. ದೂರಿನಲ್ಲಿ ಹೇಳಿದ ಆ ತಿಂಗಳೆಲ್ಲ ಅವ್ವ ಕೋಗಳಿಯ ಚಿಕ್ಕವ್ವನ ಮನೆಯಲ್ಲಿದ್ದಳು. ಎಪ್ಪತ್ತೆರಡರ ಮುದುಕಿ, ಸಕ್ಕರೆ ಕಾಯಿಲೆಯವಳು, ಬೆಳಗಿನಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕುಳಿತಳು. ಒಬ್ಬನ ಹೆಸರಷ್ಟೇ ಇದ್ದರೆ ಕೇಸು ನಿಲ್ಲುವುದಿಲ್ಲ ಅಂತ ದೂರು ಬರೆದುಕೊಟ್ಟವರು ಹೇಳಿದರಂತೆ, ಗೀತಾಂಜಲಿ ಸಹಿ ಹಾಕಿದಳಂತೆ. ಅವಳ ಜೊತೆ ಠಾಣೆಗೆ ಬಂದಿದ್ದ ಮಹಿಳಾ ಸಂಘದವಳನ್ನು ನಾನು ಜಗಳಕ್ಕೇ ಹಿಡಿದೆ. ದೊಡ್ಡ ಹೋರಾಟದಲ್ಲಿ ಸಣ್ಣಪುಟ್ಟದ್ದು ಆಗುತ್ತದೆ ಅಂದಳು. “ನಮ್ಮವ್ವ ನಿಮಗ ಸಣ್ಣಪುಟ್ಟದ್ದೇನ್ರಿ?” ಅಂದೆ. ಕೊನೆಗೆ ಪೊಲೀಸರೇ ನಮ್ಮಿಬ್ಬರ ಹೆಸರು ಕೈಬಿಟ್ಟರು.

ಇನ್ನು ಉಳಿದ ಸತ್ಯ.

ಆ ದೂರಿಗೆ ಕಾರಣವಾದ ಮಧ್ಯಾಹ್ನ ನಾನು ಬಾಗಿಲಲ್ಲೇ ನಿಂತಿದ್ದೆ. ಹೂ ಮಾರಿದ ದುಡ್ಡು ಅವಳ ಫೋನಿಗೆ ಬರುವುದು ನಿನಗೆ ಸಹಿಸಲಾಗಲಿಲ್ಲ. ದಿನಕ್ಕೆ ನೂರು ಮಾರು ಹೂ ಕಟ್ಟುವವಳ ಹೆಬ್ಬೆರಳು, ತೋರುಬೆರಳು ದಾರಕ್ಕೆ ಸವೆದು ನುಣ್ಣಗಾಗಿರುತ್ತವೆ, ಫೋನು ಗುರುತು ಹಿಡಿಯುವುದಿಲ್ಲ. ಅದಕ್ಕೇ ಅವಳು ಫೋನಿನ ಬೀಗಕ್ಕೆ ನಡುಬೆರಳಿನ ಗುರುತು ಇಟ್ಟಿದ್ದಳು. ಅದು ನಿನಗೂ ಗೊತ್ತಿತ್ತು, ಫೋನು ತೆರೆಯಲು ಆ ಬೆರಳನ್ನೇ ಹಿಡಿದು ಎಳೆದೆ. ಅವಳು ಮುಷ್ಟಿ ಮಾಡಿದಳು, ನೀನು ಬಿಡಿಸಿದೆ. ಮುರಿದ ಸದ್ದು ನನಗೆ ಕೇಳಿತು.

ಪೊಲೀಸರು ಕೇಳಿದಾಗ ಒದ್ದೆ ಕಟ್ಟೆಯಿಂದ ಜಾರಿ ಬಿದ್ದಳು ಅಂದೆ. ಅವ್ವನನ್ನು ಬೆಂಚಿನ ಮೇಲೆ ಕೂರಿಸಿದ ಸಿಟ್ಟಿನಲ್ಲಿ ಅಂದೆ.

ಆ ಬೆರಳು ಈಗಲೂ ನೆಟ್ಟಗಾಗಿಲ್ಲ. ಅವಳು ತವರಿನಿಂದ, ಬಾಗಳಿಯಿಂದ, ದಿನಾ ಹರಪನಹಳ್ಳಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತಾಳೆ. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ ಅಲ್ಲವೇ? ಅವಳ ಮೊಳ ಎರಡು ಬೆರಳು ಕಡಿಮೆ ಬರುತ್ತದೆ, ಗಿರಾಕಿಗಳು ಮೋಸಗಾತಿ ಅನ್ನುತ್ತಾರೆ. ಹೋದ ವಾರ ನಾನೇ ಹಿಂದೆ ನಿಂತು ಕೇಳಿದೆ.

“ಏನಬೇ, ನಿನ್ನ ಮೊಳ ಗೇಣಾಗೈತಿ?” ಅಂದಳು ಒಬ್ಬಳು.

“ನನ್ನ ಗಂಡನ್ನ ಕೇಳ್ರಿ. ಉಳಿದದ್ದು ಅಂವ ಇಟ್ಕೊಂಡಾನ,” ಅಂದಳು ಗೀತಾಂಜಲಿ. ನಕ್ಕು, ಒಂದು ಹಿಡಿ ಹೂ ಮೇಲೆ ಹಾಕಿ ಕೊಟ್ಟಳು. ದಿನಾ ಹಾಗೆ ಹಾಕಿದರೆ ಅವಳಿಗೆ ಏನು ಉಳಿಯುತ್ತದೆ, ಈ ವ್ಯಾಪಾರ ಮಾಡಿದವಳಿಗೆ ಗೊತ್ತು.

ನನ್ನನ್ನು ಕಂಡು ಅವಳು ಎದ್ದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಅವ್ವನ ಹೆಸರು ಬರೆಸಿದ್ದು ತನ್ನ ತಪ್ಪು ಅಂತ ಮೊದಲು ಒಪ್ಪಿಕೊಂಡಳು. ಆಮೇಲೆ, “ಅಕ್ಕಾ, ನೋಡಿದಾಕಿ ಅಂದ್ರ ನೀ ಒಬ್ಬಾಕೀನ. ನನ್ನ ಕಡೆ ಹೇಳಬ್ಯಾಡ. ನೋಡಿದ್ದು ಹೇಳು,” ಅಂದಳು.

ಹತ್ತೊಂಬತ್ತಕ್ಕೆ ನಾನು ಬರುವುದಿಲ್ಲ. ಗಂಡಸರಿಗೆ ಅನ್ಯಾಯವಾದರೆ ಕೂಗಿರಿ, ಯಾರು ಬೇಡ ಅಂದರು? ಆದರೆ ಹೆಂಡತಿಯ ಬೆರಳು ಮುರಿದವನು ಆ ಸಾಲಿನ ಮುಂದೆ ನಿಂತರೆ ನಿಜವಾಗಿ ನೊಂದವನ ಮಾತು ಯಾರು ನಂಬುತ್ತಾರೆ? ಇಪ್ಪತ್ತಕ್ಕೆ ಕೋರ್ಟಿಗೆ ಬರುತ್ತೇನೆ. ವರದಕ್ಷಿಣೆ ಯಾರೂ ಕೇಳಲಿಲ್ಲ, ಅವ್ವ ಊರಲ್ಲೇ ಇರಲಿಲ್ಲ, ಬೆರಳು ಮುರಿದವನು ನನ್ನ ತಮ್ಮ. ಮೂರನ್ನೂ ಹೇಳುತ್ತೇನೆ. ಕೊನೆಯದು ನಿಮ್ಮ ವೇದಿಕೆಗೆ ರುಚಿಸದು, ಮೊದಲೆರಡು ಆ ಮಹಿಳಾ ಸಂಘಕ್ಕೆ ರುಚಿಸವು. ಹಿಂದೆ ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಕೇಸಾದರೆ ಆಗಲಿ. ನಿನಗೆ ಜೈಲಾದರೆ ರೊಟ್ಟಿ ತರುತ್ತೇನೆ, ಎಷ್ಟೆಂದರೂ ತಮ್ಮ. ವಕೀಲರಿಗೆ ಇನ್ನು ಒಂದು ಪೈಸೆ ಕೊಡುವುದಿಲ್ಲ.

ಬ್ಯಾನರಿನಿಂದ ನನ್ನ ಮುಖ ತೆಗೆಸು.

ನಿನ್ನ ಒಡಹುಟ್ಟಿದವಳು,
ನಾಗಲಿಂಗಮ್ಮ

ತಾ.ಕ.: ಸಿಟ್ಟಿನಲ್ಲಿ ಸುಳ್ಳು ಹೇಳಿದೆ ಅಂತ ಮೇಲೆ ಬರೆದೆ. ಅದೂ ಪೂರ್ತಿ ನಿಜವಲ್ಲ. ಕೊಟ್ಟೂರಿನ ಒಂದು ಕಲ್ಯಾಣಮಂಟಪದ ವರ್ಷದ ಹೂವಿನ ಗುತ್ತಿಗೆ ಗೀತಾಂಜಲಿಗೆ ಆಗುವುದಿತ್ತು. ಅವಳ ಕೈಗೆ ಪಟ್ಟಿ ಕಟ್ಟಿದ ವಾರದಲ್ಲೇ ನಾನು ಹೋಗಿ ನನ್ನ ಹೆಸರಿಗೆ ಮಾಡಿಸಿಕೊಂಡೆ. ಪೊಲೀಸರು ನನ್ನನ್ನು ಕೇಳಲು ಬಂದದ್ದು ಅದಾದ ನಾಲ್ಕನೆಯ ದಿನ. ಯಾರಿಗೆ ಏನು ದಕ್ಕಿತು, ನೀನೇ ನೋಡು. ವಕೀಲರಿಗೆ ಫೀಸು. ಅರುಣಕುಮಾರನಿಗೆ ಭಾಷಣ. ಸಂಘದವರಿಗೆ ಪೇಪರಿನಲ್ಲಿ ಫೋಟೋ. ನಿನಗೆ ಶಾಲು, ಹಾರ. ನನಗೆ ಎರಡು ವರ್ಷವೂ ಆ ಗುತ್ತಿಗೆ. ಅವ್ವನಿಗೆ ಏನಿಲ್ಲ. ಗೀತಾಂಜಲಿಗೆ ಏನಿಲ್ಲ.