ನಿನ್ನ ಅಮ್ಮ ಕಲಿಸಿದ ಮಾತುಗಳು

ಮಡಂತ್ಯಾರು
9-6-2024

ಪ್ರೀತಿಯ ತೃಪ್ತಿಗೆ,

ನಿನ್ನ ಸ್ವರ್ಣಲತಾಳ ನಮಸ್ಕಾರ. ನಾವೆಲ್ಲ ಕ್ಷೇಮ. ಶಿರ್ತಾಡಿಯಲ್ಲಿ ನೀನು, ಭಾವ, ಪುಟ್ಟ ಮನೀಷ್ ಹೇಗಿದ್ದೀರಿ? ಬರೆಯಲು ಇಷ್ಟು ತಡವಾದದ್ದು ಹೆದರಿಕೆಯಿಂದ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಸ್ವರ ಕೇಳಿದ ಕೂಡಲೇ ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ.

ಇವರು ತೆಂಗಿನ ಮರದಿಂದ ಬಿದ್ದ ಮೇಲೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಇದೇ ಇಪ್ಪತ್ತೆಂಟಕ್ಕೆ ನಾನು ಮನೆಕೆಲಸಕ್ಕೆಂದು ಕುವೈತಿಗೆ ಹೊರಡುತ್ತಿದ್ದೇನೆ. ಮೂರು ವರ್ಷದ ಮಗಳು ಚೈತನ್ಯಾ ಅತ್ತೆಯ ಜೊತೆ ಇರುತ್ತಾಳೆ. ಅರಬ್ಬಿ ಕಲಿಯಲು ನಿನ್ನ ಅಮ್ಮ ನೀಲಾವತಿಯಕ್ಕನ ಹತ್ತಿರ ಹೋಗುತ್ತಿದ್ದೇನೆ. ನೀನು ಅವರೊಡನೆ ಮಾತು ಬಿಟ್ಟಿರುವುದು ಗೊತ್ತಿದ್ದೂ ಹೋದೆ. ಕುವೈತಿನಲ್ಲಿ ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ದುಡಿದವರು ನಮ್ಮ ಕಡೆ ಅವರೊಬ್ಬರೇ. ಸಿಟ್ಟು ಮಾಡಬೇಡ.

ಏಜೆಂಟ್ ಒಂದು ಪುಸ್ತಕ ಕೊಟ್ಟಿದ್ದ. ಒಂದು ಬದಿ ಕನ್ನಡ, ಇನ್ನೊಂದು ಬದಿ ಅರಬ್ಬಿ. "ನೀರು ಅಂದರೆ ಮಾಯ್" ಎಂದು ಶಾಲೆಯಲ್ಲಿ ಮಗ್ಗಿ ಹೇಳುವಂತೆ ಒಪ್ಪಿಸಿದೆ. ಬೀಡಿ ಕಟ್ಟುತ್ತಿದ್ದ ನೀಲಾವತಿಯಕ್ಕ ನಕ್ಕುಬಿಟ್ಟರು.

"ಬರೀ ನೀರು ಅಂತ ಯಾರು ಹೇಳ್ತಾರೆ ಮಾರಾಯ್ತಿ? ಕುಡೀಲಿಕ್ಕಾ, ಕಾಲು ತೊಳೀಲಿಕ್ಕಾ? ಅಜ್ಜಿಗಾ, ಮಗುವಿಗಾ? ಆ ಪುಸ್ತಕ ಒಲೆಗೆ ಹಾಕು. ಏಳು!"

ಆಮೇಲೆ ಅವರೇ ಅರಬ್ಬಿ ಅಜ್ಜಿಯಾಗಿ ಕುರ್ಚಿಯಲ್ಲಿ ಕೂತು "ಜೀಬಿ ಮಾಯ್" ಎಂದರು. ನಾನು ಪುಸ್ತಕದಲ್ಲಿ ಹುಡುಕತೊಡಗಿದೆ. ಅವರು ಮಾತ್ರೆ ಬಾಯಿಗೆ ಹಾಕಿದ ಹಾಗೆ ಮಾಡಿ, ಗಂಟಲು ಹಿಡಿದು ಕೆಮ್ಮಿದರು. ಓಡಿಹೋಗಿ ಲೋಟ ತಂದೆ.

"ಹಾಂ, ಬಂತಲ್ಲ! ಆದರೆ ಅಜ್ಜಿ ಸತ್ತು ಐದು ನಿಮಿಷ ಆಯ್ತು!"

ದಿನವೂ ಹೀಗೆಯೇ. ಅರ್ಥ ಹೇಳಿ ಕಲಿಸಿದ್ದೇ ಇಲ್ಲ. ಒಂದೊಂದು ಮಾತೂ ಅದರ ಪಾತ್ರೆ, ಅದರ ಹೊತ್ತು, ಹೇಳಿದವರ ಮುಖ ಹಿಡಿದುಕೊಂಡೇ ಬರುತ್ತಿತ್ತು.

ಮೊನ್ನೆ ನಾನು ಹೋಗಲಿರುವ ಮನೆಯ ಅಜ್ಜಿ ಫೋನಿಗೆ ಸ್ವರ ಕಳಿಸಿದ್ದರು: "ಬಿನ್ತಿಚ್ ಕಲತ್?" ನಿನ್ನ ಮಗಳು ಉಂಡಳಾ ಎಂದು. ತೃಪ್ತಿ, ನಾನು ಅದನ್ನು ತುಳುವಿಗೆ ತಿರುಗಿಸಿಕೊಳ್ಳಲೇ ಇಲ್ಲ! ಕೇಳಿದ ಕೂಡಲೇ ಚೈತನ್ಯಾಳ ಬಟ್ಟಲಿನ ಕಡೆ ನೋಡಿದ್ದೆ. ಮುಖ ಕಾಣದ ಮುದುಕಿಯೊಬ್ಬರು ಸಮುದ್ರದ ಆಚೆ ಕೂತು ಕೇಳುತ್ತಾರೆ, ಇಲ್ಲಿ ನನ್ನ ಕತ್ತು ತಾನಾಗಿ ತಿರುಗುತ್ತದೆ. ಇಷ್ಟು ದೊಡ್ಡದೊಂದು ಭಾಷೆ ನನ್ನೊಳಗೆ ಯಾವಾಗ ಬಂದು ಕೂತಿತೋ! ನೀಲಾವತಿಯಕ್ಕನಿಗೆ ಹೇಳಿದೆ. "ಇನ್ನು ನಿನಗೆ ಹೆದರಿಕೆ ಇಲ್ಲ ಮಗಾ" ಎಂದರು.

ಮನೀಷನಿಗೆ ಆಯುಷ್ಯ, ಆರೋಗ್ಯ ಸಿಗಲಿ. ನಿಮ್ಮ ಮನೆಯಲ್ಲಿ ಯಾವಾಗಲೂ ನಗು ಇರಲಿ.

ನಿನ್ನ
ಸ್ವರ್ಣ

ಇನ್ನೊಂದು ಮಾತು. ಆ ಮನೆಯ ಮಗು ನಿದ್ದೆ ಬಾರದೆ ಅತ್ತರೆ ಏನು ಹೇಳಬೇಕೆಂದು ನಿನ್ನೆ ಕೇಳಿದೆ. "ನಾಮಿ, ಅನಾ ಹ್ನಿ" ಎಂದರು. ಮಲಗು, ನಾನು ಇಲ್ಲೇ ಇದ್ದೇನೆ ಎಂದು. ಎಷ್ಟು ಮೆತ್ತಗೆ ಹೇಳಿದರೆಂದರೆ ನನ್ನ ತೊಡೆಯ ಮೇಲಿದ್ದ ಚೈತನ್ಯಾ ಕಣ್ಣು ಮುಚ್ಚಿದಳು. ಆಮೇಲೆ ಬೀಡಿಯ ತಟ್ಟೆ ಬದಿಗಿಟ್ಟು ಹೇಳಿದರು: "ಅಲ್ಲಿ ನಾನು ಸಾಕಿದ ಮಗುವಿಗೆ ಸಾವಿರ ಸಲ ಹೇಳಿದ್ದೇನೆ. ಒಮ್ಮೆಯೂ ಸುಳ್ಳಾಗಲಿಲ್ಲ. ಕುವೈತಿಗೆ ಹೊರಡುವ ಹಿಂದಿನ ರಾತ್ರಿ ತೃಪ್ತಿಗೂ ಹೇಳಿದ್ದೆ, ತುಳುವಿನಲ್ಲಿ. ಬೆಳಿಗ್ಗೆ ಅವಳು ಏಳುವ ಮೊದಲೇ ಬಸ್ಸು ಹತ್ತಿದೆ."

ಚೈತನ್ಯಾ ಎಚ್ಚರ ಇರುವಾಗಲೇ ನಾನು ಹೊರಡುತ್ತೇನೆ. ಅವಳು ಅತ್ತರೂ ಸರಿ.