ಆ ತಕ್ಕಡಿಯನ್ನು ಗುಜರಿಗೆ ಹಾಕಬೇಡಿ

ಬ್ಯಾಡಗಿ, ಮಂಗಳವಾರ ಮಧ್ಯಾಹ್ನ

ಯೂಸುಫಸಾಬರಿಗೆ, ನಿಮ್ಮ ಬಾಡಿಗೆ ಮನೆಯ ಅಂಗನವಾಡಿಯಿಂದ ಮಹೇಶ್ವರಿ ಟೀಚರ್ ಮಾಡುವ ನಮಸ್ಕಾರಗಳು.

ಗುರುವಾರ ಗುಜರಿಯವನನ್ನು ಕಳಿಸುತ್ತೇನೆ ಎಂದಿದ್ದಿರಿ. ದಯವಿಟ್ಟು ಕಳಿಸಬೇಡಿ! ನೀವು ಅಂಗಳದಲ್ಲಿ ಬಿಟ್ಟಿರುವ, ಮೆಣಸಿನಕಾಯಿ ತೂಗುತ್ತಿದ್ದ ಹಳೆಯ ತಕ್ಕಡಿ ನಮಗೆ ಬೇಕು.

ಇವತ್ತು ನಮ್ಮ ಆಟದ ಅಂಗಳಕ್ಕೂ ಪಾಠಕ್ಕೂ ಅಂಕ ಹಾಕಲು ಹಾವೇರಿಯಿಂದ ಮೇಡಂ ಬಂದಿದ್ದರು. ನಮ್ಮಲ್ಲಿ ಜಾರುಬಂಡಿ ಇಲ್ಲ, ಜೋಕಾಲಿ ಇಲ್ಲ. ಹಳೆ ಸಾಮಾನು ಕಂಡರೆ ಇದ್ದ ಅಂಕವೂ ಹೋದೀತೆಂದು ನಾನು ದಡ್ಡಿ, ಬೆಳಿಗ್ಗೆಯೇ ತಕ್ಕಡಿಯ ಮೇಲೆ ಗೋಣಿಚೀಲ ಮುಚ್ಚಿ, ಮಕ್ಕಳನ್ನು ಕೈಕಟ್ಟಿ ಕೂರಿಸಿದ್ದೆ. ಮೇಡಂ ಒಂದಕ್ಷರವೂ ಬರೆಯದೆ ನಿಂತಿದ್ದರು. ಅಷ್ಟರಲ್ಲಿ ನಿಮ್ಮ ಮೊಮ್ಮಗಳು ಶಿಫಾ ಎದ್ದು, "ಟೀಚರ್, ಇವತ್ತ ಪ್ಯಾಟಿ ಆಟ ಇಲ್ಲೇನ್ರಿ?" ಎಂದು ಚೀಲ ಎಳೆದೇಬಿಟ್ಟಳು!

ಒಂದು ತಟ್ಟೆಗೆ ಮರಳು, ಇನ್ನೊಂದಕ್ಕೆ ಹುಣಸೆಬೀಜ. ಹದಿನಾಲ್ಕು ಮಕ್ಕಳ ಚೌಕಾಸಿ, ಎಣಿಕೆ, ಜಗಳ, ರಾಜಿ. ಮೇಡಂ ನೆಲದ ಮೇಲೆ ಕೂತು ಬರೆದದ್ದೇ ಬರೆದದ್ದು. ಆಟದಿಂದ ಕಲಿಕೆಗೆ ಪೂರ್ತಿ ಅಂಕ, ಸಾಬರೇ!

ಒಂದು ತಟ್ಟೆ ವಾಲುತ್ತದೆಂದು ನೀವು ತಕ್ಕಡಿಯನ್ನೇ ಬೇಡವೆಂದಿರಲ್ಲ, ಶಿಫಾ ಹಠ ಹಿಡಿದು ಇನ್ನೊಂದಕ್ಕೆ ನನ್ನಿಂದ ಕಲ್ಲು ಕಟ್ಟಿಸಿದ್ದಾಳೆ. ಇದನ್ನು ಯಾರು ಕಲಿಸಿದರೆಂದು ಮೇಡಂ ಅವಳನ್ನೇ ಕೇಳಿದರು.

"ನಮ್ಮ ದಾದಾರಿ. ತೂಗೂಕಿಂತ ಮೊದ್ಲ ಖಾಲಿ ತಟ್ಟಿ ಎರಡೂ ಸಮ ಅದಾವೋ ಇಲ್ಲೋ ನೋಡಬೇಕಂತಾರ."

ನಮ್ಮ ಹಾಜರಿ ಪುಸ್ತಕದಲ್ಲಿ ಕಲಿಸುವವರ ಹೆಸರಿನ ಸಾಲಿನಲ್ಲಿ ನನ್ನ ಹೆಸರಿನ ಕೆಳಗೆ ನಿಮ್ಮದನ್ನೂ ಬರೆದಿದ್ದೇನೆ. ನಾಳೆ ಬಂದು ಸಹಿ ಹಾಕಿ.

ನಿಮ್ಮ ಸಹೋದ್ಯೋಗಿ,
ಮಹೇಶ್ವರಿ